ಕೊಯ್ಲಾದ ಗದ್ದೆಯಲ್ಲಿ ಮೋಟಾರು ಪಂದ್ಯ

ಮೋಟಾರು ಪಂದ್ಯವೆಂದ ಕೂಡಲೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ಬಂದು ನಿಲ್ಲುವ ಚಿತ್ರ ಒಂದೇ. ಕನ್ನಡಿಯಂತೆ ನುಣುಪಾದ ಕರಿಯ ದಾರಿ. ಅದರ ಮೇಲೆ ಹೊಟ್ಟೆ ನೆಲ ಸವರುವಷ್ಟು ತಗ್ಗಾದ ಗಾಡಿಗಳು. ಕಿವಿ ಗಡಚಿಕ್ಕುವ ಸದ್ದು. ಸುತ್ತಲೂ ಕೋಟಿ ಕೋಟಿ ಹಣದ ವ್ಯವಹಾರ. 2011ರಿಂದ 2013ರವರೆಗೆ ಮೂರು ವರ್ಷ ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ ಫಾರ್ಮುಲಾ ಒನ್ ಪಂದ್ಯ ನಡೆದಾಗ ನಮ್ಮವರೂ ಆ ವೈಭವವನ್ನು ಕಂಡರು. ಆಮೇಲೆ ಅದು ನಿಂತೂ ಹೋಯಿತು. ಅಂಥ ಪಂದ್ಯ ನೋಡುವವರಿಗೆ ಹಬ್ಬವೇ ಸರಿ. ಆದರೆ ಆಡುವ ಯೋಗ ಇಡೀ ಲೋಕದಲ್ಲಿ ಇಪ್ಪತ್ತು ಇಪ್ಪತ್ತೆರಡು ಮಂದಿಗೆ ಮಾತ್ರ.

ನಾನು ಈ ದಿನ ಹೇಳಹೊರಟಿರುವ ಪಂದ್ಯ ಅದಲ್ಲ. ಇದರಲ್ಲಿ ಗಾಡಿ ನಮ್ಮದೇ. ವಾರದ ಐದು ದಿನ ಕಚೇರಿಗೆ ಹೋಗಿಬರುವ, ಮಕ್ಕಳನ್ನು ಶಾಲೆಗೆ ಬಿಡುವ, ಶನಿವಾರ ಸಂತೆಯ ಚೀಲ ಹೊರುವ ಗಾಡಿ. ಆಡುವವರೂ ನಾವೇ. ಬಹುಮಾನ ಒಂದು ಬಟ್ಟಲು, ಒಂದು ಚಪ್ಪಾಳೆ. ಶುಕ್ರವಾರ ರಾತ್ರಿಯೊ ಶನಿವಾರ ನಸುಕಿನಲ್ಲೊ ಊರು ಬಿಟ್ಟು, ಭಾನುವಾರ ಸಂಜೆ ಅದೇ ಗಾಡಿಯಲ್ಲಿ ಮನೆಗೆ ಹಿಂದಿರುಗಿ, ಸೋಮವಾರ ಬೆಳಿಗ್ಗೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕು. ಈ ಪಂದ್ಯದ ಹೆಸರು ಆಟೋಕ್ರಾಸ್. ಆಟೋ ಎಂದ ಮಾತ್ರಕ್ಕೆ ಮೂರು ಗಾಲಿಯ ಬಾಡಿಗೆ ಆಟೋ ಎಂದು ತಿಳಿಯಬೇಡಿ. ಇಲ್ಲಿ ಆಟೋ ಎಂದರೆ ಮೋಟಾರು ಕಾರು. ಕ್ರಾಸ್ ಎಂದರೆ ಬಯಲನ್ನು ಹಾಯುವುದು.

ಈ ಆಟದ ಹುಟ್ಟು ಹೊರನಾಡಿನದು. ಇಂಗ್ಲೆಂಡಿನಲ್ಲಿ ಹುಲ್ಲುಗಾವಲಿನಲ್ಲಿಯೊ ಪೈರು ಕೊಯ್ದ ಹೊಲದಲ್ಲಿಯೊ ದಾರಿ ಗುರುತು ಮಾಡಿ ಇದನ್ನು ಆಡುತ್ತ ಬಂದರು. ಅಮೆರಿಕದವರು ಅದನ್ನು ಟಾರು ಹಾಕಿದ ಬಯಲಿಗೆ ತಂದರು. ದೊಡ್ಡ ಅಂಗಡಿಗಳ ಮುಂದೆ ವಾಹನ ನಿಲ್ಲಿಸುವ ಅಂಗಳ, ಬಳಕೆ ತಪ್ಪಿದ ವಿಮಾನ ನಿಲ್ದಾಣ, ಇಂಥ ಕಡೆ ಟೋಪಿಯ ಆಕಾರದ ರಬ್ಬರು ಕೋನುಗಳನ್ನು ಇಟ್ಟು, ಅವುಗಳ ನಡುವೆ ಅಂಕುಡೊಂಕಾದ ದಾರಿ ಮಾಡುತ್ತಾರೆ. 1944ರಲ್ಲಿ ಹುಟ್ಟಿದ ಅಲ್ಲಿನ ಸ್ಪೋರ್ಟ್ಸ್ ಕಾರ್ ಕ್ಲಬ್ 1973ರಿಂದ ಈ ಆಟದ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಅದು ಸೆಪ್ಟೆಂಬರಿನಲ್ಲಿ ನೆಬ್ರಾಸ್ಕದ ಲಿಂಕನ್ ನಗರದ ಹಳೆಯ ವಿಮಾನ ನೆಲೆಯಲ್ಲಿ ಸೇರುತ್ತದೆ. ಸಾವಿರಕ್ಕೂ ಮಿಕ್ಕ ಸ್ಪರ್ಧಿಗಳು ದೇಶದ ಮೂಲೆಮೂಲೆಗಳಿಂದ ತಮ್ಮ ಗಾಡಿ ನಡೆಸಿಕೊಂಡೊ ಎಳೆದುಕೊಂಡೊ ಬರುತ್ತಾರೆ. ಒಂದು ಕೋನು ಉರುಳಿದರೆ ಓಟದ ಹೊತ್ತಿಗೆ ಎರಡು ಸೆಕೆಂಡು ಸೇರಿಸುತ್ತಾರೆ. ಗೆಲುವು ಸೋಲು ನಿರ್ಧಾರವಾಗುವುದು ಸೆಕೆಂಡಿನ ನೂರರಲ್ಲಿ ಕೆಲವು ಭಾಗಗಳಿಂದಾದ್ದರಿಂದ, ಎರಡು ಸೆಕೆಂಡೆಂದರೆ ಆ ಓಟವೇ ಕೆಟ್ಟಂತೆ.

ಇದರ ತಂಗಿಯಂಥ ಇನ್ನೊಂದು ಆಟಕ್ಕೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಜಿಮ್ಖಾನ ಎಂದು ಹೆಸರು. ಆ ಹೆಸರು ಮಾತ್ರ ನಮ್ಮ ನೆಲದ್ದು. ಹಿಂದೂಸ್ತಾನಿಯ ಗೇಂದ್‌ಖಾನ, ಎಂದರೆ ಚೆಂಡಾಟದ ಮನೆ, ಇಂಗ್ಲಿಷರ ನಾಲಗೆಯ ಮೇಲೆ ಹೊರಳಿ ಜಿಮ್ಖಾನವಾಯಿತು. ಮೊದಲು ಕುದುರೆ ಸವಾರರ ಕಸರತ್ತಿಗೆ, ಆಮೇಲೆ ಮೋಟಾರಿನ ಕಸರತ್ತಿಗೆ ಅಂಟಿಕೊಂಡಿತು. ಹೀಗೆ ಕೊಟ್ಟು ತೆಗೆದುಕೊಳ್ಳುವುದು ಆಟಗಳ ಲೋಕದಲ್ಲಿ ಎಂದಿನಿಂದಲೂ ಇದ್ದದ್ದೇ.

ನಮ್ಮ ದಕ್ಷಿಣ ಭಾರತದಲ್ಲಿ ಮೋಟಾರು ಪಂದ್ಯ ಮೊದಲು ಬೇರೂರಿದ್ದು ವಿಮಾನಪಟ್ಟಿಗಳಲ್ಲಿ. ಮದರಾಸಿನ ಹತ್ತಿರದ ಶೋಳಾವರದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಪಟ್ಟಿಯೊಂದು ಉಳಿದಿತ್ತು. ಮದರಾಸಿನ ಉತ್ಸಾಹಿಗಳು 1953ರಲ್ಲಿ ಸಂಘ ಕಟ್ಟಿಕೊಂಡು ಬಹುಕಾಲ ಅಲ್ಲಿಯೇ ಪಂದ್ಯ ನಡೆಸಿದರು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಅವರದೇ ದಾರಿ ಸಿದ್ಧವಾಯಿತು. ದೇಶದ ಇಂಥ ಸಂಘಗಳನ್ನೆಲ್ಲ ಒಂದುಗೂಡಿಸುವ ಒಕ್ಕೂಟ 1971ರಲ್ಲಿ ಹುಟ್ಟಿತು. ನಮ್ಮ ಕರ್ನಾಟಕದಲ್ಲಿ ಈ ಆಟ ಹಿಡಿದ ದಾರಿ ಬೇರೆ. ಇಲ್ಲಿ ಅದು ಮಣ್ಣಿಗೆ ಇಳಿಯಿತು. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ತೋಟದ ದಾರಿಗಳು ರ‍್ಯಾಲಿ ಪಂದ್ಯಕ್ಕೆ ಒದಗಿದವು. ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಯೂ ಚಿಕ್ಕಮಗಳೂರಿನಲ್ಲಿ ನಡೆದಿದೆ. ರ‍್ಯಾಲಿಗೆ ಬೇಕಾಗುವ ವೆಚ್ಚ, ಜೊತೆಗಾರ, ತಯಾರಿ ಇಲ್ಲದವರಿಗೆ ಕೊಯ್ಲಾದ ಗದ್ದೆಯ ಆಟೋಕ್ರಾಸ್ ಒದಗಿತು.

ಗದ್ದೆಯ ಆಟಕ್ಕೆ ಗದ್ದೆಯದೇ ಪಂಚಾಂಗ. ಭತ್ತದ ಕೊಯ್ಲು ಮುಗಿದು, ಕಣದ ಕೆಲಸ ತೀರಿ, ನೆಲ ಒಣಗಿದ ಮೇಲೆ ಮುಂಗಾರು ಇಳಿಯುವವರೆಗಿನ ಕೆಲವು ತಿಂಗಳು ಬಯಲು ಬಿಡುವಾಗಿರುತ್ತದೆ. ಆಗಲೇ ಈ ಪಂದ್ಯಗಳ ಹಂಗಾಮು. ಕರಾವಳಿಯವರಿಗೆ ಇದು ಹೊಸದಾಗಿ ತೋರಲಾರದು. ಅವರ ಕಂಬಳವೂ ಗದ್ದೆಯ ಆಟವೇ, ಅಲ್ಲಿಯೂ ಸಾಕ್ಷಿ ಗಡಿಯಾರವೇ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಬೆರಗಾಗಿ ನೋಡಿತು. ಕಂಬಳಕ್ಕೆ ಕೆಸರು ಬೇಕು, ಇದಕ್ಕೆ ಒಣನೆಲ ಬೇಕು. ಅಲ್ಲಿ ಕೋಣ, ಇಲ್ಲಿ ಯಂತ್ರ. ಅಷ್ಟು ಬಿಟ್ಟರೆ ಊರಿನ ಜನ ಸೇರುವ ಬಗೆ, ಬದುವಿನ ಮೇಲೆ ನಿಂತು ಹೆಸರು ಹಿಡಿದು ಕೂಗುವ ಬಗೆ ಎರಡರಲ್ಲಿಯೂ ಒಂದೇ.

ಆಟದ ಕಟ್ಟಳೆ ಬಹಳ ಸರಳ. ಬಯಲಿನಲ್ಲಿ ಒಂದೆರಡು ಕಿಲೋಮೀಟರಿನಷ್ಟು ಸುತ್ತುಬಳಸಿನ ದಾರಿ. ಒಂದೊಂದೇ ಗಾಡಿಯನ್ನು ಬಿಡುತ್ತಾರೆ. ಪಕ್ಕದಲ್ಲಿ ಓಡುವವನಿಲ್ಲ, ಹಿಂದಿನಿಂದ ನುಗ್ಗುವವನಿಲ್ಲ; ಎದುರಾಳಿ ಗಡಿಯಾರ ಒಂದೇ. ಎಂಜಿನ್ನಿನ ಗಾತ್ರ ನೋಡಿ ಗಾಡಿಗಳನ್ನು ವರ್ಗ ವರ್ಗವಾಗಿ ವಿಂಗಡಿಸುತ್ತಾರೆ. ಹೆಂಗಸರಿಗೆ ಒಂದು ವರ್ಗ, ಆಯಾ ಸೀಮೆಯವರಿಗೆ ಒಂದು ವರ್ಗ, ಜಿಪ್ಸಿಯಂಥ ನಾಲ್ಕೂ ಗಾಲಿಗೆ ಬಲ ಹರಿಯುವ ಗಾಡಿಗೆ ಇನ್ನೊಂದು. ಸಾಮಾನ್ಯವಾಗಿ ಎರಡು ಓಟ. ಎರಡರಲ್ಲಿ ಉತ್ತಮವಾದುದು ಲೆಕ್ಕಕ್ಕೆ. ಕೋನು ಕೆಡವಿದರೆ ದಂಡ. ದಾರಿ ತಪ್ಪಿ ಕೋನಿನ ಆಚೆ ಮಗ್ಗುಲಲ್ಲಿ ಹೋದರೆ ಆ ಓಟವೇ ಇಲ್ಲ.

ನಾನು ಈ ಹಂಗಾಮಿನಲ್ಲಿ ಕೊಡಗಿನ ದಕ್ಷಿಣದ ಒಂದು ಪಂದ್ಯಕ್ಕೆ ಹೋದಾಗ ನನ್ನ ಜೊತೆಗೆ ಅಕ್ಕನ ಮಗ ಇದ್ದ. ಇಪ್ಪತ್ತೆರಡು ವರ್ಷದ ಹುಡುಗ. ಅವನು ಬಂದದ್ದಕ್ಕೆ ಒಂದು ಕಾರಣವಿತ್ತು. ಅದಕ್ಕೆ ಹಿಂದಿನ ತಿಂಗಳು ನಡುರಾತ್ರಿ, ಬೆಂಗಳೂರಿನ ಹೊರಸುತ್ತಿನ ರಸ್ತೆಯಲ್ಲಿ, ಗೆಳೆಯರೊಡನೆ ಗಾಡಿ ಓಡಿಸುವ ಪಂಥ ಕಟ್ಟಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಯಾರಿಗೂ ಪೆಟ್ಟಾಗಲಿಲ್ಲ, ದಂಡ ತೆತ್ತು ಬಂದ. ಅಕ್ಕ ನನಗೆ ದೂರವಾಣಿಯಲ್ಲಿ ಹೇಳಿದ್ದು ಇಷ್ಟೆ: “ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿದೆ ಕಣೋ. ಬೀಗದ ಕೈ ಬಚ್ಚಿಟ್ಟರೆ ಎಷ್ಟು ದಿನ ಬಚ್ಚಿಡಲಿ? ನೀನು ಹೋಗುವ ಕಡೆ ಅವನನ್ನೂ ಕರೆದುಕೊಂಡು ಹೋಗು. ಓಡಿಸಬೇಕಾದರೆ ಅಲ್ಲಿಯೇ ಓಡಿಸಲಿ.” ಒಂದೇ ಗಾಡಿಯಲ್ಲಿ ಇಬ್ಬರು ಬೇರೆಬೇರೆಯಾಗಿ ಸ್ಪರ್ಧಿಸಲು ಆ ಪಂದ್ಯದಲ್ಲಿ ಅವಕಾಶವಿತ್ತು. ಹಾಗೆ ಮಾವ ಸೋದರಳಿಯ ಇಬ್ಬರೂ ಹೆಸರು ಕೊಟ್ಟೆವು.

ಹೊರಡುವ ಮುಂಚಿನ ಸಿದ್ಧತೆಯಲ್ಲಿ ಅರ್ಧ ಪಂದ್ಯ ಮುಗಿಯುತ್ತದೆ. ಎಂಜಿನ್ ಎಣ್ಣೆ, ಬ್ರೇಕಿನ ಎಣ್ಣೆ, ರೇಡಿಯೇಟರಿನ ನೀರು, ಬೆಲ್ಟು, ನಾಲ್ಕು ಗಾಲಿಗಳ ನಟ್ಟು. ಗಾಡಿಯ ತಳದಲ್ಲಿ ಎಂಜಿನ್ನಿಗೆ ಕಲ್ಲು ಬಡಿಯದಂತೆ ಲೋಹದ ರಕ್ಷೆ. ಪೆಟ್ಟಿಗೆಯಲ್ಲಿ ಜ್ಯಾಕು, ಗಾಳಿ ನೋಡುವ ಮಾಪಕ, ಕಾಲಲ್ಲಿ ಒತ್ತುವ ಪಂಪು, ಸ್ಪ್ಯಾನರುಗಳು, ಫ್ಯೂಸುಗಳು, ಇನ್ನೊಂದು ಏರ್ ಫಿಲ್ಟರು, ಒಂದು ಹಗ್ಗ, ಹತ್ತು ಲೀಟರು ನೀರು, ಬೆಂಕಿ ಆರಿಸುವ ಸಿಲಿಂಡರು. ಇವುಗಳ ಮೇಲೆ ಎರಡು ಹೆಲ್ಮೆಟ್ಟು, ಉಪ್ಪಿಟ್ಟಿನ ಡಬ್ಬಿ. ಇಷ್ಟೆಲ್ಲ ಹೊರುವ ಜತನ ಏಕೆಂದರೆ ಅಲ್ಲಿಗೆ ಕರೆದೊಯ್ಯುವುದೂ ಇದೇ ಗಾಡಿ, ಆಡುವುದೂ ಇದೇ ಗಾಡಿ, ವಾಪಸು ತರುವುದೂ ಇದೇ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಾವು ವರ್ಷ ವರ್ಷ ಕಟ್ಟುವ ಸಾಧಾರಣ ಮೋಟಾರು ವಿಮೆಯಲ್ಲಿ ಪಂದ್ಯದ ಓಟಕ್ಕೂ ವೇಗದ ಪರೀಕ್ಷೆಗೂ ರಕ್ಷಣೆ ಇಲ್ಲ. ಗದ್ದೆಯಲ್ಲಿ ಗಾಡಿ ಮಗುಚಿದರೆ ನಷ್ಟ ನಮ್ಮ ಕಿಸೆಗೆ. ಇದನ್ನು ಹುಡುಗನಿಗೆ ಮೊದಲೇ ತಿಳಿಸಿದೆ. ಆ ರಾತ್ರಿಯ ರಸ್ತೆಯ ಮೇಲೆ ಅವನಿಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಿಂದ ಗೋಣಿಕೊಪ್ಪಲಿನ ಸೀಮೆಗೆ ಸುಮಾರು 230 ಕಿಲೋಮೀಟರು. ಮೈಸೂರಿನವರೆಗೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೆದ್ದಾರಿ ಇದೆ. ಈ ದಾರಿ ಬಂದಮೇಲೆ ಪ್ರಯಾಣ ಅರ್ಧದಷ್ಟಾಯಿತೆಂದು ಹಿಗ್ಗಿದೆವು. ಆದರೆ ಮೊದಲ ಕೆಲವೇ ತಿಂಗಳಲ್ಲಿ ಅಲ್ಲಿ ಸತ್ತವರ ಸಂಖ್ಯೆ ಕಂಡು ಸರಕಾರ ಎಚ್ಚರಗೊಳ್ಳಬೇಕಾಯಿತು. ಆ ವರ್ಷ ಆಗಸ್ಟ್ 1ರಿಂದ ಬೈಕುಗಳಿಗೂ ಆಟೋಗಳಿಗೂ ಅಲ್ಲಿ ಪ್ರವೇಶ ತಪ್ಪಿತು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. ಕಾರಿಗೆ ಗಂಟೆಗೆ 100 ಕಿಲೋಮೀಟರು ಮಿತಿ. ನೂರರ ವೇಗವೆಂದರೆ ಸೆಕೆಂಡಿಗೆ 28 ಮೀಟರು. ಎದುರಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮುನ್ನವೇ ಗಾಡಿ ಒಂದು ದೊಡ್ಡ ಕಲ್ಯಾಣಮಂಟಪದ ಉದ್ದ ದಾಟಿರುತ್ತದೆ.

ಮೈಸೂರು ದಾಟಿ ಹುಣಸೂರು ಬಿಟ್ಟಮೇಲೆ ದಾರಿಯ ಸ್ವರೂಪವೇ ಬೇರೆ. ತಂಬಾಕಿನ ಹೊಲಗಳು ಹಿಂದಾಗಿ ಕಾಡು ಹತ್ತಿರವಾಗುತ್ತದೆ. ಆನೆಚೌಕೂರಿನ ಬಳಿಯಿಂದ ತಿತಿಮತಿಯವರೆಗೆ ಇಕ್ಕೆಲದಲ್ಲಿ ಅರಣ್ಯ. ದಾರಿಗೆ ಅಡ್ಡಲಾಗಿ ಉಬ್ಬುಗಳು. ಯಾವ ಗಳಿಗೆಯಲ್ಲಾದರೂ ಆನೆ ದಾಟಬಹುದು. ಅಲ್ಲಿ ನಮ್ಮ ಗಾಡಿ ಎತ್ತಿನ ಗಾಡಿಯ ಹೆಜ್ಜೆಯಲ್ಲಿ ಹೋಯಿತು. ಹುಡುಗ ಚಡಪಡಿಸಿದ. “ಮಾವ, ಪಂದ್ಯಕ್ಕೆ ಹೋಗುವವರು ಹೀಗೆ ಹೋಗುತ್ತಾರೆಯೆ?” ಎಂದ. ಈ ಬಯಲಿಗೆ ಬರುವ ಹಳಬರನ್ನು ನೋಡಿದರೆ ಅವನ ಪ್ರಶ್ನೆಗೆ ಉತ್ತರ ಸಿಗುತ್ತದೆ. ರಸ್ತೆಯ ಮೇಲೆ ಅವರಷ್ಟು ತಾಳ್ಮೆಯಿಂದ ಓಡಿಸುವವರು ಅಪರೂಪ. ಹಸಿವು ತೀರಿಸಿಕೊಳ್ಳಲು ಊಟದ ಎಲೆ ಬೇರೆ ಕಡೆ ಹಾಕಿದೆ ಎಂದು ತಿಳಿದವನು ದಾರಿಯಲ್ಲಿ ಕೈ ಚಾಚುವುದಿಲ್ಲ.

ಬೆಳಗಿನ ಮಂಜು ಕರಗುವ ಹೊತ್ತಿಗೆ ಬಯಲು ತಲುಪಿದೆವು. ಸುತ್ತಲೂ ಕಾಫಿ ತೋಟದ ದಿಣ್ಣೆ, ನಡುವೆ ತಗ್ಗಿನಲ್ಲಿ ಮಣೆಯಂತೆ ಹರಡಿದ ಗದ್ದೆ. ಬದುಗಳನ್ನು ಕಡಿದು ಸಮ ಮಾಡಿದ್ದರು. ಧೂಳು ಅಡಗಿಸಲು ಟ್ಯಾಂಕರಿನಿಂದ ನೀರು ಚಿಮುಕಿಸುತ್ತಿದ್ದರು. ಗದ್ದೆಯ ಯಜಮಾನರು, ಎಪ್ಪತ್ತರ ಹಿರಿಯರು, ಕೊಡೆಯನ್ನು ಊರುಗೋಲು ಮಾಡಿಕೊಂಡು ನಿಂತಿದ್ದರು. ನಿಮ್ಮ ನೆಲ ಕೆಡುವುದಿಲ್ಲವೆ ಎಂದು ಕೇಳಿದೆ. “ಕೆಡುವುದೇನು ಬಂತು? ಮಳೆ ಬಂದರೆ ಹೇಗೂ ಉಳಬೇಕು. ನಿಮ್ಮ ಮಕ್ಕಳು ಬಾಡಿಗೆ ಕೇಳದೆ ಒಂದು ಸಾಲು ಉತ್ತುಕೊಡುತ್ತಾರೆ” ಎಂದರು. ಅವರ ಔದಾರ್ಯವನ್ನು ಹಗುರವಾಗಿ ಎಣಿಸಬಾರದು. ಈ ಆಟದ ಬೇರು ಇರುವುದು ಅಂಥ ಹತ್ತು ಮಂದಿ ಜಮೀನುದಾರರ ಒಪ್ಪಿಗೆಯಲ್ಲಿ. ಕೊಡಗಿನವರಿಗೆ ಇದು ಹೊಸದೂ ಅಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಮನೆತನ ಮನೆತನಗಳ ನಡುವೆ ಹಾಕಿ ಪಂದ್ಯ ಆರಂಭಿಸಿದ ನಾಡು ಅದು. ಆಟವನ್ನು ಮನೆಯ ಕೆಲಸವೆಂದು ಬಗೆಯುವುದು ಅಲ್ಲಿನವರ ರೂಢಿ.

ಮೊದಲ ಕೆಲಸ ಗಾಡಿಯ ತಪಾಸಣೆ. ತಪಾಸಣೆಯವರು ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಬ್ರೇಕನ್ನು ಒತ್ತಿ ನೋಡುತ್ತಾರೆ. ಬ್ಯಾಟರಿ ಬಿಗಿಯಾಗಿ ಕೂತಿದೆಯೆ, ಆಕ್ಸಿಲರೇಟರು ಕಾಲು ತೆಗೆದೊಡನೆ ಹಿಂದಿರುಗುತ್ತದೆಯೆ, ಸೀಟಿನ ಪಟ್ಟಿ ಸರಿಯಿದೆಯೆ, ಹೆಲ್ಮೆಟ್ಟಿಗೆ ಮುದ್ರೆಯಿದೆಯೆ, ಎಲ್ಲವನ್ನೂ ನೋಡುತ್ತಾರೆ. ಗಾಡಿಯೊಳಗೆ ಸಡಿಲವಾದುದು ಒಂದೂ ಇರಕೂಡದು. ನಮ್ಮ ಪೆಟ್ಟಿಗೆ, ಜ್ಯಾಕು, ಕಾಲೊರಸು, ದೇವರ ಪಟ ಎಲ್ಲ ಒಂದು ಟಾರ್ಪಾಲಿನ ಮೇಲೆ ಬಂದು ಕುಳಿತವು. ಅಷ್ಟಾದ ಮೇಲೂ ಸೀಟಿನ ಅಡಿಯಿಂದ ಒಂದು ಖಾಲಿ ನೀರಿನ ಸೀಸೆಯನ್ನು ತಪಾಸಣೆಯವರು ಹೊರಗೆಳೆದು ಹುಡುಗನ ಕೈಗೆ ಕೊಟ್ಟರು. “ಇದು ಉರುಳಿಕೊಂಡು ಬ್ರೇಕಿನ ಅಡಿಗೆ ಬಂದರೆ ಏನು ಮಾಡುತ್ತೀಯಪ್ಪ?” ಎಂದರು. ಅಂಥ ಸೀಸೆ ನಮ್ಮ ನಿಮ್ಮ ಎಲ್ಲರ ಗಾಡಿಯಲ್ಲಿಯೂ ವರ್ಷವೆಲ್ಲ ಉರುಳುತ್ತಿರುತ್ತದೆ.

ಅನಂತರ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡುವುದು. ಗಾಡಿಯಲ್ಲಿ ಅಭ್ಯಾಸಕ್ಕೆ ಅವಕಾಶವಿಲ್ಲ. ನಡೆದು ನೋಡಿದ್ದೇ ಅಭ್ಯಾಸ. ಹೊಸಬರು ಹರಟೆ ಹೊಡೆಯುತ್ತ ಒಂದು ಸುತ್ತು ನಡೆದು ಬರುತ್ತಾರೆ. ಹಳಬರು ಮೂರು ಸುತ್ತು ನಡೆಯುತ್ತಾರೆ, ಕೊನೆಯ ಸುತ್ತು ಒಬ್ಬರೇ. ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ, ಏಕೆಂದರೆ ಸೀಟಿನಲ್ಲಿ ಕೂತಾಗ ಕಣ್ಣಿನ ಎತ್ತರ ಅಷ್ಟೇ. ನಿಂತಾಗ ಕಾಣುವ ಕೋನು ಆಗ ಕಾಣುವುದಿಲ್ಲ. ಮಣ್ಣಿನ ಬಣ್ಣ ನೋಡುತ್ತಾರೆ: ಕಪ್ಪಗಿದ್ದ ಕಡೆ ಹಸಿ, ಬೆಳ್ಳಗಿದ್ದ ಕಡೆ ಹುಡಿ. ಹಳೆಯ ನೀರುಗಾಲುವೆ ಎಲ್ಲಿ ಹಾದಿತ್ತು, ಬದು ಕಡಿದ ಕಡೆ ಗಟ್ಟಿ ಅಂಚು ಉಳಿದಿದೆಯೆ, ಗಮನಿಸುತ್ತಾರೆ. ಹೊಲ ನೋಡುವ ರೈತನ ಕಣ್ಣೇ ಇಲ್ಲಿಯೂ ಬೇಕು. ಸರದಿಯನ್ನೂ ಲೆಕ್ಕ ಹಾಕಬೇಕು. ಮೊದಲು ಓಡುವವನಿಗೆ ಹುಡಿಮಣ್ಣು ಜಾರುತ್ತದೆ. ಅವನ ಗಾಲಿಗಳು ಗುಡಿಸಿದ ದಾರಿ ಹಿಂದಿನವನಿಗೆ ಒದಗುತ್ತದೆ. ಬಹಳ ಹಿಂದೆ ಓಡುವವನಿಗೆ ಚಕ್ರದ ಗುಂಡಿಗಳು ಕಾದಿರುತ್ತವೆ.

ಮಣ್ಣಿನ ಮೇಲಿನ ಚಾಲನೆ ರಸ್ತೆಯ ಚಾಲನೆಯಲ್ಲ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವರನ್ನು ನೆನೆಸಿಕೊಳ್ಳಿ. ನಡಿಗೆ ತಟ್ಟನೆ ನಿಂತರೆ ನೀರು ಮುಂದಕ್ಕೆ ತುಳುಕುತ್ತದೆ, ತಟ್ಟನೆ ಹೊರಟರೆ ಹಿಂದಕ್ಕೆ. ಗಾಡಿಯ ತೂಕವೂ ಹಾಗೆಯೇ. ಬ್ರೇಕು ಒತ್ತಿದಾಗ ತೂಕ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಆಗ ಅವು ನೆಲವನ್ನು ಕಚ್ಚಿ ಹಿಡಿದು ಚೆನ್ನಾಗಿ ತಿರುಗುತ್ತವೆ. ವೇಗ ಹೆಚ್ಚಿಸುತ್ತ ತಿರುಗಿಸಹೋದರೆ ತೂಕ ಹಿಂದಕ್ಕೆ ಸರಿದು, ಮುಂದಿನ ಗಾಲಿ ಹಗುರಾಗಿ, ಗಾಡಿ ತಿರುಗದೆ ನೆಟ್ಟಗೆ ಜಾರುತ್ತದೆ. ಆದ್ದರಿಂದ ತಿರುವಿಗೆ ಮುಂಚೆಯೇ ನಿಧಾನ ಮಾಡು, ತಿರುವಿನಿಂದ ಹೊರಬರುವಾಗ ವೇಗ ಕೂಡಿಸು ಎಂಬುದು ಮೊದಲ ಪಾಠ. ಎರಡನೆಯ ಪಾಠ ಇನ್ನೂ ವಿಚಿತ್ರ. ಗಾಲಿ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಬ್ರೇಕು ಟಾರು ರಸ್ತೆಯಲ್ಲಿ ಪ್ರಾಣರಕ್ಷಕ. ಸಡಿಲ ಮಣ್ಣಿನಲ್ಲಿ ಅದರಿಂದ ಗಾಡಿ ನಿಲ್ಲುವ ದೂರ ಹೆಚ್ಚಾಗುತ್ತದೆ. ಏಕೆಂದರೆ ಬಿಗಿದು ನಿಂತ ಗಾಲಿ ತನ್ನ ಮುಂದೆ ಮಣ್ಣಿನ ಒಡ್ಡು ಕಟ್ಟಿಕೊಂಡು ಬೇಗ ನಿಲ್ಲುತ್ತದೆ, ಉರುಳುವ ಗಾಲಿಗೆ ಆ ಒಡ್ಡು ಸಿಗುವುದಿಲ್ಲ. ಅದಕ್ಕೆಂದೇ ಕೆಲವರು ಓಟದ ಹೊತ್ತಿಗೆ ಅದರ ಫ್ಯೂಸು ತೆಗೆದಿಡುತ್ತಾರೆ. ಹಾಗೆ ತೆಗೆದವರು ರಸ್ತೆಗೆ ಇಳಿಯುವ ಮುನ್ನ ಅದನ್ನು ಮತ್ತೆ ಹಾಕಲೇಬೇಕು. ಅದರಲ್ಲಿ ಉದಾಸೀನ ಮಾಡುವವನು ಪಂದ್ಯಕ್ಕೆ ಯೋಗ್ಯನಲ್ಲ.

ಹುಡುಗನ ಸರದಿ ಬಂತು. ಬಾವುಟ ಇಳಿದೊಡನೆ ಅವನು ಆಕ್ಸಿಲರೇಟರನ್ನು ಪೂರ್ತಿ ತುಳಿದ. ಎಂಜಿನ್ನು ಕೂಗಿತು, ಮುಂದಿನ ಗಾಲಿಗಳು ಇದ್ದಲ್ಲೇ ಸುತ್ತಿದವು, ಮಣ್ಣು ಹಾರಿತು, ಗಾಡಿ ಮಾತ್ರ ಮೆಲ್ಲಗೆ ಹೊರಟಿತು. ಮೂರನೆಯ ತಿರುವಿಗೆ ಬಂದಾಗ ವೇಗ ಐವತ್ತರ ಸುಮಾರು ಇದ್ದಿರಬೇಕು. ಅವನು ಬ್ರೇಕು ಒತ್ತಿದ ಜಾಗ ಟಾರು ರಸ್ತೆಗೆ ಸಾಕಾಗುತ್ತಿತ್ತು. ಗಾಡಿ ನಿಲ್ಲಲಿಲ್ಲ, ತಿರುಗಲೂ ಇಲ್ಲ. ಕೋನಿನ ಆಚೆ ಮಗ್ಗುಲಿಗೆ ಜಾರಿಕೊಂಡು ಹೋಗಿ, ಬಯಲಿನ ಅಂಚಿನ ಹುಲ್ಲಿನ ಹೊರೆಗಳಿಗೆ ಎರಡು ಮಾರು ಇರುವಂತೆ ನಿಂತಿತು. ಓಟ ಅಲ್ಲಿಗೇ ರದ್ದು. ಹಿಂದಿರುಗಿ ಬಂದು ಹೆಲ್ಮೆಟ್ಟು ತೆಗೆದಾಗ ಅವನ ಮುಖ ಬಿಳಿಚಿತ್ತು. “ಮಾವ, ಅದು ಬರೀ ಐವತ್ತು” ಎಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆ ರಾತ್ರಿ ಹೊರಸುತ್ತಿನ ರಸ್ತೆಯಲ್ಲಿ ಅವನ ಗಾಡಿ ನೂರ ಮೂವತ್ತು ಓಡಿತ್ತೆಂದು ಪೊಲೀಸರ ಚೀಟಿಯಲ್ಲಿತ್ತು.

ವೇಗ ಎರಡರಷ್ಟಾದರೆ ಗಾಡಿಯೊಳಗಿನ ಚಲನಶಕ್ತಿ ನಾಲ್ಕರಷ್ಟಾಗುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ. ಅದನ್ನು ಬೆನ್ನುಮೂಳೆಯಿಂದ ತಿಳಿಯುವುದು ಬೇರೆ. ಐವತ್ತರಿಂದ ನೂರ ಮೂವತ್ತಕ್ಕೆ ಏರಿದರೆ ಆ ಶಕ್ತಿ ಹೆಚ್ಚುಕಡಮೆ ಏಳರಷ್ಟು. ಅಲ್ಲಿ ಹುಲ್ಲಿನ ಹೊರೆ ಇರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಯಾರೋ ಒಬ್ಬರ ಸ್ಕೂಟರು ಇರುತ್ತದೆ.

ಎರಡು ಓಟಗಳ ನಡುವೆ ಸ್ಪರ್ಧಿಗಳೇ ಕೆಲಸಗಾರರು. ಉರುಳಿದ ಕೋನು ನಿಲ್ಲಿಸಲು, ಕೆಂಪು ಬಾವುಟ ಹಿಡಿಯಲು, ಮಕ್ಕಳು ನಾಯಿಗಳು ಹಗ್ಗದೊಳಕ್ಕೆ ನುಗ್ಗದಂತೆ ನೋಡಲು ಕೈಗಳು ಬೇಕು. ಹುಡುಗನನ್ನು ಮೂರನೆಯ ತಿರುವಿನಲ್ಲೇ ನಿಲ್ಲಿಸಿದರು. ಎರಡು ಗಂಟೆ ಅವನು ಅಲ್ಲಿ ನಿಂತು ಇತರರು ತಿರುಗುವುದನ್ನು ನೋಡಿದ. ಸದ್ದು ಮಾಡಿ, ಹಿಂಭಾಗ ಬೀಸಿ, ಮಣ್ಣು ಚೆಲ್ಲಿ ಹೋದವರಿಗೆ ಜನ ಶಿಳ್ಳೆ ಹಾಕಿದರು. ಆಮೇಲೆ ಊರಿನ ಮೋಟಾರು ರಿಪೇರಿಯವನೊಬ್ಬ ಹಳೆಯ ಮಾರುತಿ 800ರಲ್ಲಿ ಬಂದ. ಮೂರು ಸಿಲಿಂಡರಿನ, 796 ಸಿಸಿಯ ಆ ಪುಟ್ಟ ಗಾಡಿಯ ತಯಾರಿಕೆ 1983ರಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ತೂಕ ಆರೂವರೆ ಕ್ವಿಂಟಾಲಿನಷ್ಟು. ಅದು ಸದ್ದಿಲ್ಲದೆ ಬಂದಿತು, ಸದ್ದಿಲ್ಲದೆ ತಿರುಗಿತು, ಹೋಯಿತು. ಯಾರೂ ಶಿಳ್ಳೆ ಹಾಕಲಿಲ್ಲ. ಆದರೆ ಹಲಗೆಯ ಮೇಲೆ ಸಮಯ ಬರೆದಾಗ ಅವನಿಗಿಂತ ಎರಡರಷ್ಟು ದೊಡ್ಡ ಎಂಜಿನ್ನಿನ ಕೆಲವು ಗಾಡಿಗಳು ಅವನ ಕೆಳಗಿದ್ದವು. ನೋಟಕ್ಕೆ ನಿಧಾನ, ಗಡಿಯಾರಕ್ಕೆ ವೇಗ. ಈ ಆಟದ ಗುಟ್ಟನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು.

ಎರಡನೆಯ ಓಟದಲ್ಲಿ ಹುಡುಗ ಒಂದು ಕೋನನ್ನೂ ಕೆಡವಲಿಲ್ಲ. ಅವನ ವರ್ಗದ ಪಟ್ಟಿಯಲ್ಲಿ ನಡುವೆ ಎಲ್ಲೋ ನಿಂತ. ನಾನು ಅವನಿಗಿಂತ ಎರಡು ಮೆಟ್ಟಿಲು ಮೇಲೆ. ಬಟ್ಟಲು ಇಬ್ಬರಿಗೂ ಬರಲಿಲ್ಲ. ಸಂಜೆ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿದು, ಧೂಳು ತುಂಬಿದ ಏರ್ ಫಿಲ್ಟರು ಬದಲಾಯಿಸಿ, ರೇಡಿಯೇಟರಿನ ಸಂದಿಗಳಿಂದ ಮಣ್ಣು ತೊಳೆದು, ಟೈರುಗಳಿಗೆ ರಸ್ತೆಯ ಅಳತೆಗೆ ಗಾಳಿ ಹಾಕಿ ಹೊರಟೆವು. ಹೆದ್ದಾರಿಗೆ ಬಂದಾಗ ಅವನೇ ಓಡಿಸುತ್ತಿದ್ದ. ಮುಳ್ಳು ತೊಂಬತ್ತರ ಮೇಲೆ ಹೋಗಲಿಲ್ಲ. ನಾನೂ ಏನೂ ಹೇಳಲಿಲ್ಲ.

ಒಬ್ಬ ಹುಡುಗನ ಕಥೆಯಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ಪ್ರಶ್ನೆ ಒಬ್ಬ ಹುಡುಗನದಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಗಂಟೆಗೆ 19 ಮಂದಿ. ನೂರಕ್ಕೆ 71 ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿಯ ಲೆಕ್ಕ. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದೊಳಗಿನವರು, ಎಂದರೆ ದುಡಿದು ಮನೆ ನಡೆಸುವ ವಯಸ್ಸಿನವರು. ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಕಟ್ಟುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯಲ್ಲಿ ದಂಡವಿದೆ. 2019ರ ತಿದ್ದುಪಡಿಯಲ್ಲಿ ಆ ದಂಡ 500 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ದಂಡ ಬೇಕು, ಕ್ಯಾಮೆರಾ ಬೇಕು. ಆದರೆ ವೇಗದ ಹಂಬಲ ದಂಡಕ್ಕೆ ಹೆದರಿ ಅಡಗುತ್ತದೆಯೆ ಹೊರತು ಸಾಯುವುದಿಲ್ಲ. ಈಜಲು ಹೊಂಡವಿಲ್ಲದ ಊರಿನಲ್ಲಿ ಮಕ್ಕಳು ಪಾಳುಬಾವಿಗೆ ಹಾರುತ್ತಾರೆ.

ಇದಕ್ಕೆ ಎದುರಾದ ಮಾತುಗಳೂ ಇವೆ. ಎಣ್ಣೆ ಸುಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಒಂದೊಂದು ಓಟ ಎರಡು ಮೂರು ನಿಮಿಷದ್ದು. ಓಟಕ್ಕಿಂತ ಹೋಗಿಬರುವ ದಾರಿಗೇ ಹೆಚ್ಚು ಎಣ್ಣೆ ಖರ್ಚಾಗುತ್ತದೆ. ಆದ್ದರಿಂದ ಪಂದ್ಯಗಳು ಅಲ್ಲಲ್ಲಿ, ಹತ್ತಿರ ಹತ್ತಿರ ನಡೆದಷ್ಟೂ ಒಳ್ಳೆಯದು. ಅಪಾಯವಿಲ್ಲವೆ ಎಂದರೆ ಇದೆ. ಮಣ್ಣಿನ ಗುಂಡಿಗೆ ಸಿಕ್ಕಿ ಗಾಡಿ ಮಗುಚುವುದುಂಟು. ಹೆಲ್ಮೆಟ್ಟು, ಸೀಟಿನ ಪಟ್ಟಿ, ಆಂಬುಲೆನ್ಸು, ಜನರನ್ನು ದೂರ ನಿಲ್ಲಿಸುವ ಹಗ್ಗ ಇರುವುದು ಅದಕ್ಕಾಗಿಯೇ. ಇವು ಇಲ್ಲದ ಪಂದ್ಯಕ್ಕೆ ಯಾರೂ ಹೆಸರು ಕೊಡಬಾರದು. ಒಕ್ಕೂಟದ ಮಾನ್ಯತೆ, ಪೊಲೀಸರ ಅನುಮತಿ ಇವೆಯೆ ಎಂದು ಮೊದಲು ಕೇಳಬೇಕು. ಇದು ಹಣವಂತರ ಆಟವಲ್ಲವೆ ಎಂಬ ಮಾತಿಗೆ ಆ ಮಾರುತಿ 800ರ ಮೇಸ್ತ್ರಿಯೇ ಉತ್ತರ. ಮೋಟಾರು ಕ್ರೀಡೆಯನ್ನು ಆಟವೆಂದು ಒಪ್ಪುವುದಕ್ಕೇ ನಮ್ಮಲ್ಲಿ ಬಹುಕಾಲ ಹಿಡಿಯಿತು. ಈ ಕ್ಷೇತ್ರದ ಒಬ್ಬರಿಗೆ, ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ, ಅರ್ಜುನ ಪ್ರಶಸ್ತಿ ಮೊದಲ ಬಾರಿಗೆ ಬಂದದ್ದು 2019ರಲ್ಲಿ.

ಈಗ ಬೇಕಾಗಿರುವುದು ಬಟ್ಟಲುಗಳಲ್ಲ, ಬಯಲುಗಳು. ಜಿಲ್ಲೆಗೊಂದು ಕಡೆ, ವರ್ಷದಲ್ಲಿ ಕೆಲವೇ ದಿನ, ಕೊಯ್ಲಾದ ಗದ್ದೆಯೊ ಬೀಳುಬಿದ್ದ ಮೈದಾನವೊ ಸಿಕ್ಕರೆ ಸಾಕು. ಅಲ್ಲಿ ಹುಡುಗರೂ ಹುಡುಗಿಯರೂ ಹಗಲು ಬೆಳಕಿನಲ್ಲಿ, ಹಿರಿಯರ ಕಣ್ಣೆದುರಿನಲ್ಲಿ, ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡು ತಮ್ಮ ಕೈಯ ಅಳತೆಯನ್ನೂ ಗಾಡಿಯ ಅಳತೆಯನ್ನೂ ಕಂಡುಕೊಳ್ಳಲಿ. ಮುಂದಿನ ಹಂಗಾಮಿನಲ್ಲಿ ನಿಮ್ಮ ಮನೆಯ ಹುಡುಗ ಇಂಥ ಪಂದ್ಯಕ್ಕೆ ಗಾಡಿ ಕೇಳಿದರೆ, ಬೇಡವೆನ್ನುವ ಮೊದಲು ನೀವೂ ಅವನ ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ಅಲ್ಲಿಗೆ ಹೋಗಿಬನ್ನಿ. ದಾರಿಯಲ್ಲಿ ಅವನು ಹೇಗೆ ಓಡಿಸುತ್ತಾನೆಂಬುದು ನಿಮಗೂ ತಿಳಿದಂತಾಗುತ್ತದೆ.